ನೆಮ್ಮದಿಯವರ ಉಪಚಾರ

ಡಯಾಲಿಸಿಸ್ ಕೇಂದ್ರ ನೋಡಲು ಹೋದವರು ಮೊದಲು ಕುರ್ಚಿ ನೋಡುತ್ತಾರೆ. ನಾನು ಮೊದಲು ನೀರು ನೋಡಿದೆ. ನಮ್ಮೂರಿನ ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿ ನೀರಿನ ಕ್ಲೋರಿನ್ ಅಳೆಯುವುದೇ ನನ್ನ ಕೆಲಸ. ಅಕ್ಕ ಒಂದು ಸಲ ಯಂತ್ರಕ್ಕೆ ಕೈ ಕೊಟ್ಟು ಕೂತರೆ ನೂರು ಲೀಟರಿಗೂ ಮೀರಿದ ನೀರು ಅವಳ ರಕ್ತದ ಪಕ್ಕದಲ್ಲೇ, ತೀರಾ ತೆಳುವಾದೊಂದು ಪೊರೆಯ ಆಚೆಗೆ ಹರಿದುಹೋಗುತ್ತದೆ. ಅದರಲ್ಲಿ ಕ್ಲೋರಿನ್ ಉಳಿದಿದ್ದರೆ ರಕ್ತದ ಕಣಗಳು ಒಡೆಯುತ್ತವೆ. ಆಮೇಲೆ ಕುರ್ಚಿ ಎಷ್ಟು ಮೆತ್ತಗಿದ್ದರೇನು? ಹಾಗಾಗಿ ಮೂರೂ ಕೇಂದ್ರಗಳಲ್ಲಿ ನಾನು ಹಿಂಬಾಗಿಲಿನಿಂದ ನೀರು ಸೋಸುವ ಕೋಣೆಗೇ ನುಗ್ಗಿದೆ. ಮೂರೂ ಕಡೆ ನೀರು ಚೆನ್ನಾಗಿಯೇ ಇತ್ತು. ನನಗೆ ಸಿಟ್ಟು ಬಂದದ್ದು ನೀರಿನ ವಿಷಯಕ್ಕಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಅಕ್ಕನ ಹೆಸರು ಪದ್ಮಾಕ್ಷಿ. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಾಳೆ. ಇಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿ ಉಳಿದವರು. ನಾನು ಕೆಂಡ, ಅವಳು ಬೆಣ್ಣೆ ಎಂದು ಬೀದಿಯವರು ತೀರ್ಮಾನ ಮಾಡಿ ಎಷ್ಟೋ ಕಾಲವಾಯಿತು. ತಲೆನೋವು ಬಂದರೆ ಅಕ್ಕ ತಲೆನೋವು ಅನ್ನುವುದಿಲ್ಲ, 'ಇವತ್ತು ಬಿಸಿಲು ಸ್ವಲ್ಪ ಜಾಸ್ತಿ ಅಲ್ವಾ' ಅನ್ನುತ್ತಾಳೆ. ಹೀಗೆ ಬಿಸಿಲಿನ ಮೇಲೆ ಹೇರುತ್ತಾ ಹೇರುತ್ತಾ ರಕ್ತದೊತ್ತಡ ಅವಳ ಎರಡೂ ಕಿಡ್ನಿಗಳನ್ನು ತಿಂದುಹಾಕಿತು. ನನ್ನ ಕಿಡ್ನಿ ಅವಳಿಗೆ ಹೊಂದಲಿಲ್ಲ. ಡಯಾಲಿಸಿಸ್ಸೇ ಗತಿ, ವಾರಕ್ಕೆ ಮೂರು ಸಲ, ಬದುಕಿರುವವರೆಗೆ ಎಂದರು ಡಾಕ್ಟರು. ಎಲ್ಲಿ ಎಂಬುದನ್ನು ನಾವೇ ಆರಿಸಿಕೊಳ್ಳಬೇಕಿತ್ತು.

ಬೇರೆ ಊರಾಗಿದ್ದರೆ ಕುರ್ಚಿ, ಫ್ಯಾನು, ಶೌಚಾಲಯ ನೋಡಿ ಮುಗಿಸಬಹುದಿತ್ತೇನೋ. ನಮ್ಮೂರಲ್ಲಿ ರಕ್ತ ಮೈಬಿಟ್ಟು ಹೊರಗೆ ಬಂದರೆ ಮಾತಾಡುತ್ತದೆ. ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡ ಸೊಸೆ ನಲ್ಲಿಯ ಕಡೆ ಓಡುವುದಿಲ್ಲ, ಹಿತ್ತಿಲಿಗೆ ಓಡುತ್ತಾಳೆ. ದೊಡ್ಡ ಸಂಸಾರಗಳಲ್ಲಿ ಈಳಿಗೆಯನ್ನು ಬೇಕೆಂದೇ ಮೊಂಡು ಮಾಡಿ ಇಟ್ಟಿರುತ್ತಾರೆ. ಕ್ಷೌರದಂಗಡಿಯಲ್ಲಿ ರೇಡಿಯೋ ಸದಾ ಕಿರುಚುತ್ತಿರಬೇಕು. ಗೋಡೆಯ ಮೇಲೆ ಸೊಳ್ಳೆ ಹೊಡೆದರೆ ಯಾರದೋ ಅರ್ಧ ಮಾತು ಕೇಳಿಸುತ್ತದೆ. ಅದು ಯಾರ ದನಿ ಎಂದು ವಿಚಾರಿಸುವುದು ಮರ್ಯಾದಸ್ಥರ ಲಕ್ಷಣವಲ್ಲ. ಒಂದು ಹನಿಗೆ ಒಂದು ಮಾತಾದರೆ, ನಾಲ್ಕು ತಾಸು ಕೊಳವೆಯಲ್ಲಿ ಸುತ್ತುವ ರಕ್ತ ಎಷ್ಟು ಮಾತಾಡಬಹುದು ನೀವೇ ಯೋಚಿಸಿ. ದೊಡ್ಡ ಗುಟ್ಟುಗಳೇನೂ ಇರುವುದಿಲ್ಲ. ಸೊಂಟ ನೋಯುತ್ತಿದೆ, ಹಾಲು ಒಲೆಯ ಮೇಲಿಟ್ಟು ಬಂದೆನಾ, ಈ ಸಿಸ್ಟರಿಗೆ ಸೂಜಿ ಹಾಕಲು ಬರುವುದಿಲ್ಲ, ಇಂಥವೇ. ಆದರೆ ಎಲ್ಲವೂ ಅವರವರ ದನಿಯಲ್ಲೇ, ಅವರು ಬಾಯಿ ಮುಚ್ಚಿಕೊಂಡಿರುವಾಗಲೇ.

ಮೊದಲು ಹೋದದ್ದು ಸರ್ಕಾರಿ ಆಸ್ಪತ್ರೆಯ ಹಿಂದಿನ ವಾರ್ಡಿಗೆ. ಹಾಸಿಗೆಗಳ ರೆಕ್ಸಿನ್ ಹರಿದು ನಾರು ಕಾಣುತ್ತಿತ್ತು. ದಿಂಬು, ಹೊದಿಕೆ ಮನೆಯಿಂದಲೇ ತರಬೇಕು. ಫ್ಯಾನು ಒಂದು ಹಾಸಿಗೆಗೆ ಗಾಳಿ ಕೊಟ್ಟರೆ ಇನ್ನೊಂದಕ್ಕೆ ಬರೀ ಸದ್ದು ಕೊಡುತ್ತದೆ. ಶೌಚಾಲಯಕ್ಕೆ ಅಂಗಳ ದಾಟಿ ಹೋಗಬೇಕು. ರಕ್ತಗಳು ಬಯಲಲ್ಲೇ ಮಾತಾಡುತ್ತವೆ, ಪಕ್ಕದವರು ಮುಖ ಕಲ್ಲು ಮಾಡಿಕೊಂಡು ಕೇಳಿಸಲಿಲ್ಲವೆಂಬಂತೆ ಇರುತ್ತಾರೆ. ಅಲ್ಲಿಯ ಕಟ್ಟುಪಾಡು ಅದೊಂದೇ. ವಾರ್ಡು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಗುಲ್ಜಾರ್ ಮಾತ್ರ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಮೂರನೇ ಹಾಸಿಗೆಯ ಕೊಳವೆ ಸಣ್ಣ ದನಿಯಲ್ಲಿ 'ಸಾಕು' ಅಂದಿತು. ಆಕೆ ಕೂಡಲೇ ಹೋಗಿ ಯಂತ್ರ ಮೈಯಿಂದ ಹೆಚ್ಚಿನ ನೀರು ಎಳೆಯುವ ವೇಗ ಇಳಿಸಿ, ರೋಗಿಯ ಕಾಲನ್ನು ಎತ್ತಿ ತನ್ನ ಹೊಟ್ಟೆಗೆ ಒತ್ತಿಕೊಂಡು ಮೀನಖಂಡ ನೀವಿದಳು. ಆ ಮನುಷ್ಯ ಬಾಯಿಬಿಟ್ಟು ಏನೂ ಹೇಳಿರಲಿಲ್ಲ.

ಅಕ್ಕನ ಮೊದಲ ಸರದಿ ಅಲ್ಲೇ ಆಯಿತು. ಪಕ್ಕದ ಹಾಸಿಗೆಯಲ್ಲಿದ್ದವರು ಅವಳ ಶಾಲೆಯ ಹುಡುಗಿಯೊಬ್ಬಳ ತಾಯಿ. ಯಂತ್ರ ಶುರುವಾಗಿ ಸ್ವಲ್ಪ ಹೊತ್ತಿಗೆ ಅಕ್ಕನ ರಕ್ತ ಸ್ಪಷ್ಟವಾಗಿ ಹೇಳಿತು: "ಇವರ ಮಗಳಿಗೆ ಈ ಜನ್ಮದಲ್ಲಿ ಕಾಜ ಹೊಲಿಯೋಕೆ ಬರಲ್ಲ. ಕೈಯಲ್ಲ ಅದು, ಸೌಟು."

ಆ ತಾಯಿ ಕಟ್ಟುಪಾಡಿನಂತೆ ಚಾವಣಿ ನೋಡಿದರು. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಉಳಿದ ಹೊತ್ತನ್ನು ಹಾಗೇ ಕಳೆದಳು. ಹೊರಗೆ ಬಂದವಳೇ, "ವಾರಿಜ, ಇಲ್ಲಿಗೆ ನನ್ನನ್ನ ಮತ್ತೆ ಕರ್ಕೊಂಡು ಬರಬೇಡ," ಅಂದಳು.

ಎರಡನೆಯದು ಒಂದು ಟ್ರಸ್ಟಿನ ಕೇಂದ್ರ. ಸ್ವಚ್ಛ ಅಂದರೆ ಸ್ವಚ್ಛ. ಮಧ್ಯಾಹ್ನ ಊಟವೂ ಉಂಟು, ಉಪ್ಪು ಕಡಿಮೆ ಹಾಕಿ ಮಾಡಿದ್ದು. ಆದರೆ ರಕ್ತದ ಮಾತು ಕೇಳದಿರಲಿ ಎಂದು ಬೆಳಗಿನಿಂದ ಸಂಜೆಯವರೆಗೆ ಭಜನೆ ಹಾಕಿರುತ್ತಾರೆ, ಎದೆಗೂಡು ನಡುಗುವಷ್ಟು ಜೋರಾಗಿ. ಅಲ್ಲಿಯ ಸ್ವಯಂಸೇವಕರೊಬ್ಬರಿಗೆ ನಾನು ಒಂದು ಪ್ರಶ್ನೆಯನ್ನು ಮೂರು ಸಲ ಕೂಗಿ ಕೇಳಿದೆ. ಅವರು ಕೈಮುಗಿದು ನನಗೆ ಪ್ರಸಾದ ಕೊಟ್ಟರು. ಅಕ್ಕನಿಗೆ ತಲೆ ಸಿಡಿಯಿತು. ಆದರೆ ಅವಳು ಅಂದದ್ದು, ಇವತ್ತು ಬಿಸಿಲು ಜಾಸ್ತಿ ಎಂದೇ.

ಮೂರನೆಯದು 'ನೆಮ್ಮದಿ'. ಮುಂಚೆ ಅದು ಕಲ್ಯಾಣ ಮಂಟಪವಾಗಿತ್ತು. ಮದುವೆಗಳು ಕಡಿಮೆಯಾದ ಮೇಲೆ ಅದರ ಮಾಲೀಕರು ಪಂಪಣ್ಣನವರು ಅದನ್ನೇ ಡಯಾಲಿಸಿಸ್ ಕೇಂದ್ರ ಮಾಡಿದ್ದರು. ಡಾಕ್ಟರು ವಾರಕ್ಕೊಮ್ಮೆ ಬಂದು ಹೋಗುವರು, ಉಳಿದದ್ದೆಲ್ಲ ಪಂಪಣ್ಣನವರದೇ. ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ಜಾಗದಲ್ಲೀಗ ಕೈತೊಳೆಯುವ ದ್ರಾವಣ ಇಟ್ಟಿದ್ದರು, ಉಳಿದಂತೆ ಮರ್ಯಾದೆ ಹಾಗೇ ಇತ್ತು. ಮಲಗುವಷ್ಟು ಹಿಂದಕ್ಕೆ ಬಾಗುವ ಕುರ್ಚಿ, ಒಬ್ಬೊಬ್ಬರಿಗೂ ಬೇರೆ ಟಿವಿ, ಬೆಚ್ಚಗಿನ ಹೊದಿಕೆ, ತಣ್ಣಗಿನ ಕೋಣೆ. ಮತ್ತು ಮೌನ. ಕೊಳವೆಗಳಿಗೆ ಒಳಗೆ ಹತ್ತಿ ತುಂಬಿದ ಮಖಮಲ್ಲಿನ ಗವಸು ತೊಡಿಸಿದ್ದರು. ಆಸ್ಪತ್ರೆಯ ವಾಸನೆಯೂ ಇಲ್ಲದ ಆ ಮಂಟಪದಲ್ಲಿ ಯಾರೊಬ್ಬರ ರಕ್ತದ ಸೊಲ್ಲೂ ಇರಲಿಲ್ಲ.

"ಇಲ್ಲಿ ಬಂದವರು ರೋಗಿಗಳಲ್ಲ ಮೇಡಂ, ನಮ್ಮ ನೆಂಟರು," ಅಂದರು ಪಂಪಣ್ಣನವರು. ಸುಳ್ಳು ಹೇಳುವ ಮುಖವಲ್ಲ ಅವರದು. ಅದನ್ನು ನಂಬಿಯೇ ಅವರು ಹೇಳುತ್ತಿದ್ದರು. ಅಷ್ಟರಲ್ಲಿ ಬಿಳಿ ಕೋಟು ತೊಟ್ಟ ತನುಜ ಎಂಬ ಹುಡುಗಿ ಟ್ರೇಯಲ್ಲಿ ಎಳನೀರು ತಂದಳು.

"ಎಳನೀರು ಯಾರಿಗೆ?" ಎಂದು ಕೇಳಿದೆ.

"ಎಲ್ಲರಿಗೂ, ಮೇಡಂ. ಸುಸ್ತಾಗಿರ್ತಾರಲ್ಲ."

ಕಿಡ್ನಿ ಕೆಟ್ಟವರಿಗೆ ಎಳನೀರಿನ ಪೊಟ್ಯಾಸಿಯಂ ವಿಷಕ್ಕೆ ಸಮ, ಹೃದಯ ನಿಂತುಹೋಗಬಹುದು ಎಂದು ನಾನು ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಪಂಪಣ್ಣನವರು ನೊಂದುಕೊಂಡು ಟ್ರೇ ವಾಪಸು ಕಳಿಸಿ, "ಹಾಗಾದ್ರೆ ಕಿತ್ತಳೆ ರಸ?" ಅಂದರು. ಅದರಲ್ಲೂ ಅದೇ ಇದೆ ಅಂದೆ. ನನ್ನ ಕಡೆ ಅವರು ನೋಡಿದ ನೋಟ, ಮದುವೆಯಲ್ಲಿ ಪಾಯಸ ಬೇಡವೆಂದು ಎಲೆ ಮಡಚಿದ ಗಂಡಿನ ಕಡೆಯವರನ್ನು ನೋಡಿದ ಹಾಗಿತ್ತು.

ಈ ಜಾಗ ಬೇಡವೆಂದೆ ನಾನು. ಅಕ್ಕ ಆ ಕುರ್ಚಿಯ ತೋಳನ್ನು ನಿಧಾನವಾಗಿ ಸವರಿ, "ಇಲ್ಲೇ," ಅಂದಳು. ಅಕ್ಕ ಏನನ್ನಾದರೂ ಬೇಕೆಂದು ಕೇಳಿದ್ದನ್ನು ನಾನು ಅದಕ್ಕೆ ಮುಂಚೆ ಕಂಡ ನೆನಪಿಲ್ಲ. ಒಪ್ಪಿಕೊಂಡೆ.

ಮೊದಮೊದಲು ಅವಳು ನಗುನಗುತ್ತಾ ಬರುತ್ತಿದ್ದಳು. ಆಮೇಲಾಮೇಲೆ ನಗುತ್ತಾ ಬಂದು ಗೋಡೆ ಹಿಡಿದುಕೊಳ್ಳುತ್ತಿದ್ದಳು. ಕೆನ್ನೆ ಒಳಗೆ ಹೋಗಿತ್ತು, ರಾತ್ರಿಯೆಲ್ಲ ಕಾಲು ಸೆಟೆಯುತ್ತಿತ್ತು. "ಹೇಗಿತ್ತು ಅಕ್ಕ?" ಅಂದರೆ, "ತುಂಬಾ ಚೆನ್ನಾಗಿ ನೋಡ್ಕೊಂಡ್ರು ಕಣೇ," ಅನ್ನುವಳು. ಒಂದು ದಿನ ಅಲ್ಲಿಂದ ಬಂದವಳೇ ಬಚ್ಚಲ ಮನೆಯಲ್ಲಿ ಕುಸಿದಳು. ಎತ್ತಿ ಕೂರಿಸಿ, ನೀರು ಕುಡಿಸಿ, ಅವಳು ಚೇತರಿಸಿಕೊಂಡ ಮೇಲೆ ನಮ್ಮ ತಕ್ಕಡಿಯ ಮೇಲೆ ನಿಲ್ಲಿಸಿದೆ. ಹೆಚ್ಚಿನ ನೀರೆಲ್ಲ ಹೋದ ಮೇಲೆ ಮೈ ಎಷ್ಟು ತೂಗಬೇಕು ಎಂದು ಡಾಕ್ಟರು ಒಂದು ಲೆಕ್ಕ ಕೊಟ್ಟಿರುತ್ತಾರೆ, ಡ್ರೈ ವೇಟ್ ಎನ್ನುತ್ತಾರೆ ಅದಕ್ಕೆ. ಅಕ್ಕ ಅದಕ್ಕಿಂತ ಒಂದೂವರೆ ಕಿಲೋ ಕಡಿಮೆ ಇದ್ದಳು. ತಕ್ಕಡಿ ಕೆಟ್ಟಿದೆಯೇನೋ ಎಂದು ನಾನೂ ಹತ್ತಿ ನೋಡಿದೆ. ತಕ್ಕಡಿ ಸರಿಯಾಗಿತ್ತು. ನೆಮ್ಮದಿಯವರು ತೆಗೆಯಬೇಕಾದ ನೀರನ್ನು ತೆಗೆದು, ಮೇಲೆ ಇಷ್ಟು ಇರಲಿ ಎಂದು ಎಳೆದುಕೊಂಡಿದ್ದರು.

ಮುಂದಿನ ಸರದಿಗೆ ನಾನು ರಜೆ ಹಾಕಿ ಜೊತೆಗೆ ಹೋದೆ. ನೆಂಟರ ಕಡೆಯವರು ಹೊರಗಿನ ಸೋಫಾದಲ್ಲಿ ಕೂರಬೇಕು ಎಂದು ತನುಜ ಹೇಳಿದಳು. ನಾನು ಪ್ಲಾಸ್ಟಿಕ್ ಸ್ಟೂಲೊಂದನ್ನು ಎಳೆದುಕೊಂಡು ಅಕ್ಕನ ಪಕ್ಕದಲ್ಲೇ ಕೂತೆ. ಮೊದಲ ಎರಡು ತಾಸು ಏನೂ ಆಗಲಿಲ್ಲ. ಟಿವಿಯಲ್ಲಿ ಯಾರೋ ಕೇಕು ಅಲಂಕರಿಸುತ್ತಿದ್ದರು, ಅಕ್ಕ ನೋಡುತ್ತಿದ್ದಳು. ಆಮೇಲೆ ಅವಳ ಮೇಲುದುಟಿಯ ಮೇಲೆ ಬೆವರು ಕಂಡಿತು, ಆ ತಣ್ಣನೆಯ ಕೋಣೆಯಲ್ಲಿ. ಮುಖದ ನಗು ಮಾತ್ರ ಅಲುಗಲಿಲ್ಲ. ನಾನು ಗವಸಿನ ಗುಂಡಿ ಬಿಚ್ಚಿದೆ.

"ಸಾಕು," ಅನ್ನುತ್ತಿತ್ತು ಅವಳ ರಕ್ತ, ನಮ್ಮಕ್ಕನದೇ ಮೆಲುದನಿಯಲ್ಲಿ. "ಸಾಕು. ಕಣ್ಣು ಕತ್ತಲೆ ಬರ್ತಿದೆ. ಸಾಕು. ಸಾಕು."

ಎಷ್ಟು ಹೊತ್ತಿನಿಂದ ಅನ್ನುತ್ತಿತ್ತೋ.

"ನಿಲ್ಲಿಸು," ಎಂದೆ ತನುಜಳಿಗೆ. "ನೀರು ಎಳೆಯೋದನ್ನ ನಿಲ್ಲಿಸು. ಕೇಳಿಸ್ತಿಲ್ವಾ ನಿಂಗೆ?"

ಅವಳಿಗೆ ಕೇಳಿಸುತ್ತಿತ್ತು. ಸಮಾಧಾನದ ಮುಖ ಮಾಡಿಕೊಂಡು ಕೊಳವೆಯ ಕಡೆಗೇ ಬಾಗಿ, ಎಲೆಯ ಮುಂದೆ ಬಾಗುವ ಹಾಗೆ ಬಾಗಿ, "ಇನ್ನೊಂಚೂರು, ಅಮ್ಮಾ. ಒಂದೇ ಒಂಚೂರು," ಅಂದಳು.

ನಮ್ಮೂರಿನ ಊಟದ ರೀತಿ ತಿಳಿಯದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಇಲ್ಲಿ ಬಡಿಸುವವರು ಬಂದಾಗ ಹೊಟ್ಟೆ ಹಸಿದಿದ್ದರೂ 'ಸಾಕು' ಅನ್ನಬೇಕು. ಅವರು 'ಇನ್ನೊಂಚೂರು' ಅನ್ನಬೇಕು. ಹೀಗೆ ಮೂರು ಸಲ ನಡೆಯದೆ ಊಟ ಮುಗಿದರೆ ಉಂಡವನಿಗೂ ಅವಮಾನ, ಬಡಿಸಿದವನಿಗೂ ಅವಮಾನ. ಮೊದಲ ಸಲ 'ಸಾಕು' ಅಂದ ಕೂಡಲೇ ಸೌಟು ಹಿಂದಕ್ಕೆ ತೆಗೆದ ಮನೆಗೆ ಹೆಣ್ಣು ಕೊಡುವುದಿಲ್ಲ. ಆ ಹುಡುಗಿ ಮದುವೆ ಮಂಟಪದಲ್ಲಿ ಬಡಿಸುತ್ತಾ ಬೆಳೆದವಳು. ಪಂಪಣ್ಣನವರು ಅವಳಿಗೆ ಯಂತ್ರದ ಗುಂಡಿಗಳನ್ನು ಕಲಿಸಿದ್ದರು. ಬಡಿಸುವುದನ್ನು ಮರೆಸಿರಲಿಲ್ಲ.

ನಾನೇ ಕುರ್ಚಿಯ ತಲೆಯ ಭಾಗವನ್ನು ತಗ್ಗಿಸಿ ಅಕ್ಕನ ಕಾಲು ಎತ್ತಿ ಹಿಡಿದೆ. ಸಲೈನ್ ಕೊಡು ಎಂದು ಗದರಿದ ಮೇಲೆ ತನುಜ ಕೊಟ್ಟಳು, ನೀರೆಳೆಯುವುದನ್ನೂ ನಿಲ್ಲಿಸಿದಳು. ಅಕ್ಕನ ತುಟಿಗೆ ಬಣ್ಣ ಬಂತು. ರಕ್ತ ಸುಮ್ಮನಾಯಿತು. ಅಷ್ಟರಲ್ಲಿ ಪಂಪಣ್ಣನವರು ಓಡಿ ಬಂದರು.

"ನಿಮ್ಮಕ್ಕ ಎರಡು ದಿನ ಹಗುರವಾಗಿರಲಿ ಅಂತ ನಾನೇ ಒಂದಿಷ್ಟು ಜಾಸ್ತಿ ತೆಗೆಯೋಕೆ ಹೇಳಿದ್ದು, ಮೇಡಂ," ಅಂದರು. ಅವರ ಕಣ್ಣಲ್ಲಿ ನೀರಿತ್ತು. "ಇನ್ನೊಬ್ಬರಿಗೆ ಮಾಡೋದಕ್ಕಿಂತ ಜಾಸ್ತಿ ಮಾಡಿದ್ದೀನಿ ಇವರಿಗೆ. ಬಂದವರು ಸಾಕು ಅಂದ ಕೂಡಲೇ ಕೈತೊಳೆದುಕೊಂಡು ಎದ್ದುಹೋಗಿ ಅನ್ನೋಕಾಗುತ್ತಾ?"

"ಹಾಗಾದ್ರೆ ಗವಸು ಯಾಕೆ ಹಾಕಿದ್ರಿ?"

"ಎಲ್ಲರೂ ಒಟ್ಟಿಗೆ ಸಾಕು ಸಾಕು ಅಂತಿದ್ರೆ ಕೇಳೋಕೆ ಚೆನ್ನಾಗಿರುತ್ತಾ?"

ದುಷ್ಟನ ಮೇಲೆ ಸಿಟ್ಟು ಮಾಡುವುದು ಸುಲಭ. ಈ ಮನುಷ್ಯ ನನ್ನ ಅಕ್ಕನನ್ನು ಪ್ರೀತಿಯಿಂದ, ಮರ್ಯಾದೆಯಿಂದ, ಬೆಚ್ಚಗೆ ಹೊದಿಸಿ ಕೊಲ್ಲುತ್ತಿದ್ದ. ನಾನು ಪಕ್ಕದ ಕುರ್ಚಿಯ ಗವಸಿಗೆ ಕೈ ಹಾಕಿದೆ. ಅಲ್ಲಿದ್ದ ಹಿರಿಯರು, ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು, ನನ್ನ ಮಣಿಕಟ್ಟು ಹಿಡಿದರು.

"ಮುಟ್ಟಬೇಡಿ, ತಾಯಿ. ನಾನು ಬರೋದೇ ಆ ಗವಸಿಗೆ."

ಅವರ ಹೊದಿಕೆಯ ಅಂಚಿನಾಚೆ ಕಾಲ್ಬೆರಳುಗಳು ಬೀಸಣಿಗೆಯಂತೆ ಬಿಚ್ಚಿಕೊಂಡು ಸೆಟೆದಿದ್ದವು. ಅವರೂ ಟಿವಿಯ ಕೇಕನ್ನು ನೋಡುತ್ತಾ ನಗುತ್ತಿದ್ದರು. ನಾನು ಕೈ ತೆಗೆದೆ. ಡಾಕ್ಟರಿಗೆ ಅಲ್ಲಿಂದಲೇ ಫೋನು ಮಾಡಿ, ಯಾರ ಯಾರ ತೂಕ ಎಷ್ಟಕ್ಕೆ ಇಳಿಸುತ್ತಿದ್ದಾರೆಂದು ಬಂದು ನೋಡಿ, ಇಲ್ಲವಾದರೆ ನಾನೇ ಮೇಲಿನವರನ್ನು ಕರೆತರುತ್ತೇನೆ ಅಂದೆ. ಅವರು ಬಂದರು, ಎಲ್ಲರ ಯಂತ್ರದ ಲೆಕ್ಕವನ್ನೂ ಸರಿಮಾಡಿದರು ಎಂದು ಆಮೇಲೆ ತಿಳಿಯಿತು. ಗವಸುಗಳು ಈಗಲೂ ಇವೆಯಂತೆ.

ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಅಕ್ಕ ಕೇಳಿದಳು: "ನಾನು ಸಾಕು ಅಂದದ್ದು ನೀರು ಎಳೆದದ್ದಕ್ಕೆ ಅಂತ ನಿಂಗೆ ಯಾರು ಹೇಳಿದ್ರು?"

"ಮತ್ತೆ ಇನ್ಯಾವುದಕ್ಕೆ?"

"ಎಲ್ಲದಕ್ಕೂ." ಅವಳು ತೋಳಿನ ಮೇಲಿನ ಬ್ಯಾಂಡೇಜು ನೋಡಿಕೊಂಡಳು. "ಆ ಕುರ್ಚಿ ಮೆತ್ತಗಿದೆ ಅಂತ ಅಲ್ಲಿಗೆ ಹೋಗ್ತಿದ್ದೆ ಅಂದ್ಕೊಂಡಿದ್ದೀಯಾ? ನಾನು ಏನಂತೀನೋ ಅದು ನನಗೇ ಕೇಳಿಸ್ತಿರಲಿಲ್ಲ ಅಲ್ಲಿ. ಅದೊಂದು ಇತ್ತು. ನೀನು ಅದನ್ನೂ ಬಿಚ್ಚಿ ಹಾಕಿದೆ. ಇನ್ನು ನಾನು ಎಲ್ಲಿಗೂ ಬರಲ್ಲ."

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟೇ. ಅಷ್ಟು ದೊಡ್ಡ ಮಾತನ್ನು ಇವಳು ಕೊಳವೆಯ ಕೈಯಲ್ಲಿ ಹೇಳಿಸಿ, ಅದರ ಮೇಲೆ ಮಖಮಲ್ಲು ಮುಚ್ಚಿ, ಮನೆಗೆ ಬಂದು ನನ್ನ ಎದುರು ಚೆನ್ನಾಗಿತ್ತು ಎಂದು ನಕ್ಕಿದ್ದಳು. ಅವತ್ತು ಅಡುಗೆ ಮನೆಯಲ್ಲಿ ಪಾತ್ರೆಗಳು ಎಷ್ಟು ಸದ್ದು ಮಾಡಬಹುದೋ ಅಷ್ಟು ಮಾಡಿದವು.

ಸರದಿಯ ದಿನ ಬಂತು. "ಸರ್ಕಾರಿ ಆಸ್ಪತ್ರೆಯಲ್ಲಿ ಜಾಗ ಇದೆ, ಹೋಗೋಣ್ವಾ?" ಎಂದೆ. "ಬೇಡ," ಅಂದಳು. ಮರುದಿನ ಅವಳ ಪಾದ ಊದಿತ್ತು, ಒತ್ತಿದರೆ ಹೆಬ್ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ಮಲಗಿದರೆ ಉಸಿರು ಸಿಗದೆ ಎದ್ದು ಕೂರುತ್ತಿದ್ದಳು. ಹೆಚ್ಚು ತಡಮಾಡಿದರೆ ಪುಪ್ಪುಸಕ್ಕೆ ನೀರು ತುಂಬುತ್ತದೆ ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. "ಹೋಗೋಣ್ವಾ, ಅಕ್ಕ?" ಎಂದೆ. "ಬೇಡ. ಸಾಕು," ಅಂದಳು, ಬಾಯಲ್ಲೇ.

ನಾನು ಆಟೋದವನ ನಂಬರು ತೆಗೆದಿಟ್ಟುಕೊಂಡು ಅವಳ ಎದುರಿನ ಕುರ್ಚಿಯಲ್ಲಿ ಕೂತೆ. ಪಂಪಣ್ಣನ ಹಾಗೆ, ಇವಳ ಮಾತು ನನಗೆ ಬೇಕಾದ ಕಡೆ ತಿರುಗಿಸಿಕೊಳ್ಳುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡಿದ್ದೆ. ಸಾಕು ಅಂದಿದ್ದಾಳೆ. ಸಾಕು ಅಂದರೆ ಸಾಕು ಎಂದು ಕೇಳಿಸಿಕೊಳ್ಳುವವರು ಈ ಊರಲ್ಲಿ ಒಬ್ಬರಾದರೂ ಇರಬೇಕು. ಹೀಗೆ ನ್ಯಾಯವಾಗಿ ನಡೆದುಕೊಳ್ಳುತ್ತಾ ಆಟೋದವನ ನಂಬರನ್ನು ಮತ್ತೆ ಮತ್ತೆ ನೋಡಿಕೊಂಡೆ. ಅಕ್ಕ ನನ್ನನ್ನು ನೋಡಿದಳು. ಗೋಡೆ ನೋಡಿದಳು. ಒಂದು ಉಸಿರು ಎಳೆದು, ಅದು ಪೂರ್ತಿ ಸಿಗದೆ, ಇನ್ನೊಂದು ಎಳೆದಳು. ಮತ್ತೆ ನನ್ನನ್ನೇ ನೋಡಿದಳು, ಈ ಸಲ ಕಣ್ಣು ಕೆಂಪಾಗಿತ್ತು.

"ಇನ್ನೊಂದು ಸಲ ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?" ಅಂದಳು.

ನಾನು ಅವಳ ದಿಂಬು, ಹೊದಿಕೆ ಎತ್ತಿಕೊಂಡು ಆಟೋಗೆ ಓಡಿದೆ. ದಾರಿಯುದ್ದಕ್ಕೂ ಅವಳಿಗೆ ಬೈದೆ. ಉಸಿರಿಲ್ಲದಿದ್ದರೂ ಅವಳೂ ಬೈದಳು. ಆಟೋದವನು ಯಾರ ಪರ ವಹಿಸುವುದೆಂದು ತಿಳಿಯದೆ ಹಾರ್ನು ಹೊಡೆಯುತ್ತಾ ಹೋದ.

ಗುಲ್ಜಾರ್ ಅಕ್ಕನ ಪಾದ ಒತ್ತಿ ನೋಡಿ, "ಏನಕ್ಕಾ, ಕೆರೆ ತುಂಬಿಸ್ಕೊಂಡು ಬಂದಿದ್ದೀರಲ್ಲ. ಎಲ್ಲಾ ಒಂದೇ ದಿನ ತೆಗೆಯೋಕಾಗಲ್ಲ, ನಾಳೆನೂ ಬರಬೇಕು," ಅಂದಳು. ಗೋಡೆಯ ಪಕ್ಕದ ಹಾಸಿಗೆ ಕೊಟ್ಟಳು, ಫ್ಯಾನಿನ ಬರೀ ಸದ್ದು ಬರುವಂಥದ್ದು. ಆಮ್ಲಜನಕ ಹಾಕಿ, ಸೂಜಿ ಚುಚ್ಚಿ, ಯಂತ್ರವನ್ನು ನಿಧಾನಕ್ಕೆ ಶುರುಮಾಡಿದಳು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಈ ಸಲ ಸೆರಗು ಮುಖಕ್ಕೆ ಎಳೆದುಕೊಳ್ಳಲಿಲ್ಲ. ಅಕ್ಕನ ಉಸಿರು ಒಂದು ಹದಕ್ಕೆ ಬಂತು. ಎದುರಿನ ಹಾಸಿಗೆಯವರು ಮಜ್ಜಿಗೆಯ ಬಗ್ಗೆ ಯೋಚಿಸುತ್ತಿದ್ದರು, ಪಕ್ಕದವರು ಮನೆಯ ಮಾಳಿಗೆಯ ಬಗ್ಗೆ.

ಆಗ ಅಕ್ಕನ ರಕ್ತ ಗಂಟಲು ಸರಿಮಾಡಿಕೊಂಡ ಹಾಗೆ ಗುಳುಗುಳು ಎಂದು, ವಾರ್ಡಿಗೆಲ್ಲ ಕೇಳುವಂತೆ ಹೇಳಿತು: "ಇವಳ ಕಿಡ್ನಿ ನನಗೆ ಹೊಂದಲ್ಲ ಅಂದ್ರಲ್ಲ ಡಾಕ್ಟರು, ಒಳ್ಳೇದೇ ಆಯ್ತು. ಹೊಂದಿದ್ರೆ ಕೊಟ್ಟುಬಿಡ್ತಿದ್ಳು. ಕೊಟ್ಟು ಸಾಯೋವರೆಗೂ ಎತ್ತಿ ಆಡ್ತಿದ್ಳು."

ಎದುರಿನವರು ಚಾವಣಿ ನೋಡುತ್ತಿದ್ದರು. ಪಕ್ಕದವರು ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು. ಗುಲ್ಜಾರ್ ನಮಗೆ ಬೆನ್ನು ಮಾಡಿ ಸಿರಿಂಜು ಜೋಡಿಸುತ್ತಿದ್ದಳು. ಎಲ್ಲರ ಮುಖವೂ ಕಟ್ಟುಪಾಡಿನಂತೆ ಕಲ್ಲಾಗಿತ್ತು. ಆದರೆ ಎದುರಿನ ಕೊಳವೆಯಲ್ಲಿ ಯಾರೋ ಕಿಸಕ್ಕೆಂದರು. ಪಕ್ಕದ ಕೊಳವೆ ತಡೆಯಲಾರದೆ ಶುರುಮಾಡಿತು. ಆಮೇಲೆ ಸಾಲಿನ ಕೊನೆಯವರೆಗೂ, ಬಿಗಿದ ತುಟಿಗಳ ಪಕ್ಕದಲ್ಲಿ, ರಕ್ತಗಳೆಲ್ಲ ಸೇರಿ ನಗತೊಡಗಿದವು.

ಅಕ್ಕ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಅದೇನೂ ಅಲ್ಲ ಕಣೇ, ಬಿಸಿಲಿಗೆ ಹಾಗೆ ಅಂತು, ಅನ್ನುತ್ತಾಳೆಂದು ಕಾದೆ.

"ಅದು ಹೇಳಿದ್ದು ನಿಜ," ಅಂದಳು. "ಕಾಲು ಹಿಡ್ಕೊಳ್ತಿದೆ. ಒತ್ತು."

ನನಗೆ ಬಂದ ಸಿಟ್ಟಿಗೆ ಕಿವಿ ಸುಡುತ್ತಿತ್ತು. ಸ್ಟೂಲು ಎಳೆದುಕೊಂಡು ಅವಳ ಕಾಲು ತೊಡೆಯ ಮೇಲಿಟ್ಟುಕೊಂಡು ಒತ್ತಿದೆ, ಅವಳು ಮೆಲ್ಲಗೆ ಎನ್ನುವವರೆಗೂ.